ಕೋಳಿ ಇಲ್ಲದ ಮನೆಯ ಮೊಟ್ಟೆ

ಅಂಗನವಾಡಿಯ ಗೇಟಿನ ಪಕ್ಕ ನಿಂತಿದ್ದ ಬೈಕು ಯಾರದೆಂದು ತನುಜಳಿಗೆ ದೂರದಿಂದಲೇ ಗೊತ್ತಾಯಿತು. ಅದರ ಸೀಟಿನ ಹರಿದ ಕವರಿಗೆ ಹೊಲಿಗೆ ಹಾಕಿದ್ದವಳು ಅವಳೇ. ಏಳು ತಿಂಗಳ ಹೊಟ್ಟೆ ಹೊತ್ತು, ತವರೂರು ಮಂಡಿಕಲ್ಲಿನಿಂದ ಬಸ್ಸು ಬದಲಾಯಿಸಿ ಜಂಗಮಕೋಟೆ ಕ್ರಾಸಿನಲ್ಲಿ ಇಳಿದು, ಅಲ್ಲಿಂದ ಆಟೋದಲ್ಲಿ ಕುಲುಕಾಡಿಕೊಂಡು ಬಂದವಳಿಗೆ ಹಿಂದಕ್ಕೆ ತಿರುಗುವ ತ್ರಾಣ ಇರಲಿಲ್ಲ. ಇದ್ದಿದ್ದರೆ ತಿರುಗಿಬಿಡುತ್ತಿದ್ದಳು.

ಮಕ್ಕಳು ಊಟ ಮುಗಿಸಿ ಮನೆಗೆ ಹೋಗಿಯಾಗಿತ್ತು. ಗೋಡೆಯ ಮೇಲೆ ಬರೆದ ನೀಲಿ ಆನೆಯ ಕೆಳಗೆ, ಮಕ್ಕಳ ಚಾಪೆಯ ಅಂಚಿನಲ್ಲಿ ಮುನೇಶ ಕೂತಿದ್ದ. ಅವಳನ್ನು ನೋಡಿದವನೇ ಎದ್ದು ನಿಂತ. ತಲೆ ಬಾಚಿಲ್ಲ, ಗಡ್ಡ ಬೆಳೆದಿದೆ, ಕಣ್ಣು ಕೆಂಪಗಾಗಿದೆ. ತಿಂಗಳ ಮೇಲಾಗಿತ್ತು ಗಂಡನ ಮುಖ ಕಂಡು. ನೋಡಬಾರದು ಅಂದುಕೊಂಡೇ ತನುಜ ಇಷ್ಟನ್ನೆಲ್ಲ ನೋಡಿದಳು. ಸಿಟ್ಟಿದ್ದವರ ಕಣ್ಣು ಯಾವಾಗಲೂ ಚುರುಕು.

"ಕೂತ್ಕೋ ತನು," ಅಂದ.

ಅವಳು ಕೂರಲಿಲ್ಲ. ಸುಂದರಮ್ಮ ಟೀಚರ್ ಕಡೆ ತಿರುಗಿ, ತನ್ನ ಹೆಸರನ್ನು ಈ ಕೇಂದ್ರದಿಂದ ತೆಗೆದು ತವರಿನ ಅಂಗನವಾಡಿಗೆ ಹಾಕಿಕೊಡಬೇಕೆಂದು ಕೇಳಿದಳು.

ಕೇಳಿದ್ದು ಹೊಸದೇನಲ್ಲ. ಬಸುರಿಯರಿಗೆ ಕೊಡುವ ಮೊಟ್ಟೆ, ಹಾಲಿನ ಪುಡಿ, ಬೇಳೆ, ಬೆಲ್ಲ, ಕಡಲೆಬೀಜ ಎಲ್ಲವೂ ಹೆಸರಿರುವ ಕೇಂದ್ರದಲ್ಲೇ ಸಿಗಬೇಕು. ಅದೂ ಟೀಚರ ಫೋನು ಮುಖವನ್ನು ಗುರುತು ಹಿಡಿದರೆ ಮಾತ್ರ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ಹೆಣ್ಣುಮಕ್ಕಳೆಲ್ಲ ಹೆಸರು ಬದಲಾಯಿಸಿಕೊಂಡೇ ಹೋಗುತ್ತಾರೆ. ಆದರೆ ಅವರೆಲ್ಲ ಸೀಮಂತ ಮುಗಿಸಿ, ಕೈತುಂಬ ಹಸಿರು ಬಳೆ ತೊಟ್ಟು ಹೋದವರು. ತನುಜ ಸೀಮಂತಕ್ಕೆ ಮೊದಲೇ, ಒಂದು ಬ್ಯಾಗು ಹಿಡಿದು, ಅಮ್ಮನನ್ನು ನೋಡಬೇಕು ಅಂತ ಹೇಳಿ ಹೋಗಿದ್ದಳು. ಮತ್ತೆ ಫೋನು ಎತ್ತಿರಲಿಲ್ಲ. ಈಗ ಹೆಸರೂ ಹೋದರೆ ಊರು ಏನನ್ನುತ್ತದೆಂದು ಅವಳಿಗೂ ಗೊತ್ತು, ಅವನಿಗೂ ಗೊತ್ತು. ಅವಳ ಅಣ್ಣ ಅಂಬರೀಶ್ ಅಂತೂ ಅಂದೇಬಿಟ್ಟಿದ್ದ, ಮೊದಲು ಹೆಸರು ತೆಗೆಸು, ಮಿಕ್ಕಿದ್ದನ್ನ ಆಮೇಲೆ ಹಿರಿಯರನ್ನ ಕೂರಿಸಿ ಮಾತಾಡಣ ಅಂತ. ಮಿಕ್ಕಿದ್ದು ಅಂದರೆ ಏನೆಂದು ತನುಜ ಕೇಳಲಿಲ್ಲ. ಕೇಳಲು ಭಯವಾಗಿತ್ತು.

ಟೀಚರು ಫೋನು ಕೈಗೆತ್ತಿಕೊಂಡರು. ಅದನ್ನು ನೋಡಿದ್ದೇ ತಡ, ಬೇಡವೆಂದರೂ ತನುಜಳಿಗೆ ಹಳೆಯದು ನೆನಪಾಯಿತು.

ಮೂರನೇ ತಿಂಗಳಲ್ಲಿ ಹೆಸರು ಬರೆಸಲು ಇದೇ ಆನೆಯ ಮುಂದೆ ನಿಂತಿದ್ದಳು. ಕಣ್ಣು ಮಿಟುಕಿಸಿ ಅಂತ ಫೋನು ಕೇಳಿತ್ತು. ಅವಳು ಮಿಟುಕಿಸಬೇಕು ಅನ್ನುವಷ್ಟರಲ್ಲಿ ಟೀಚರ ಬೆನ್ನ ಹಿಂದೆ ನಿಂತಿದ್ದ ಮುನೇಶ ಒಂದೇ ಕಣ್ಣು ಹೊಡೆದ. ಅವಳಿಗೆ ನಗು ತಡೆಯಲಾಗದೆ ಮುಖ ಅಲುಗಾಡಿ, ಫೋನು ಈ ಹೆಂಗಸು ಯಾರೋ ಗೊತ್ತಿಲ್ಲ ಅಂದುಬಿಟ್ಟಿತು. ಟೀಚರು ಬೈದು ಅವನನ್ನು ಆಚೆ ಕಳಿಸಿದರೆ ಕಿಟಕಿಯಲ್ಲಿ ಪ್ರತ್ಯಕ್ಷನಾಗಿ ಮತ್ತೆ ಹೊಡೆದ. ಬೈಕಿನಲ್ಲಿ ಮನೆಗೆ ಹೋಗುವಾಗ ಅವಳು ಬೆನ್ನು ಚಿವುಟಿದ್ದಕ್ಕೆ ಹೇಳಿದ್ದ, "ನಿನ್ನ ಗುರುತು ಹಿಡಿಯೋಕೆ ಆ ಫೋನು ಎಷ್ಟ್ ಒದ್ದಾಡ್ತಪ್ಪ. ನಾನು ಕಣ್ ಮುಚ್ಕೊಂಡ್ರೂ ಹಿಡಿತೀನಿ ಕಣೇ."

ಇಂಥ ಮಾತಿಗೆ ಕರಗದ ಹೆಣ್ಣು ಅಪರೂಪ. ತನುಜ ಕರಗಿದ್ದಳು. ಹೆಂಡತಿಯನ್ನು ಕಣ್ಣು ಮುಚ್ಚಿ ಗುರುತು ಹಿಡಿಯುವ ಆ ಗಂಡಸಿಗೆ, ಕಣ್ಣು ಬಿಟ್ಟುಕೊಂಡೇ ಇದ್ದರೂ ತನ್ನ ತಟ್ಟೆಯಲ್ಲಿ ಇದ್ದದ್ದು ಯಾರ ಪಾಲೆಂದು ಗೊತ್ತಾಗಲಿಲ್ಲ. ಜಗಳ ಹುಟ್ಟಿದ್ದು ಅಲ್ಲೇ.

ಮೊದಮೊದಲು ತನುಜಳಿಗೆ ಮೊಟ್ಟೆಯ ವಾಸನೆ ಬಂದರೆ ಸಾಕು, ವಾಂತಿ. ಬೇಡ ಅತ್ತೆ ಅಂತ ತಟ್ಟೆ ಸರಿಸುತ್ತಿದ್ದಳು. ಅತ್ತೆ ಮಂಗಮ್ಮ ಕೆಟ್ಟವಳಲ್ಲ, ಕೈಯಲ್ಲಿದ್ದದ್ದನ್ನು ಹಾಳುಮಾಡಲು ಮನಸ್ಸು ಬಾರದವಳು ಅಷ್ಟೆ. ಹಗಲೂ ರಾತ್ರಿ ರೇಷ್ಮೆ ಹುಳುಮನೆಯಲ್ಲಿ ಸೊಪ್ಪು ಹಾಕಿ ಸೊರಗಿದ್ದ ಮಗನ ತಟ್ಟೆಗೆ ಅದನ್ನು ಹಾಕಿದಳು. ಒಂದು ದಿನ ಹಾಕಿದ್ದು ರೂಢಿಯಾಯಿತು. ಐದನೇ ತಿಂಗಳಿಗೆ ತನುಜಳ ವಾಂತಿ ನಿಂತು ಹಸಿವು ಶುರುವಾದಾಗ ಮೊಟ್ಟೆಯ ಮಾತು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ತಿಂಗಳು ತಿಂಗಳು ತನ್ನ ಮುಖ ತೋರಿಸಿ ತಂದದ್ದನ್ನು ತಾನೇ ಬಾಯಿಬಿಟ್ಟು ಕೇಳುವುದು ಹೇಗೆ ಅಂತ ಅವಳು ನುಂಗಿಕೊಂಡಳು. ಗಂಡನಾದರೂ ಕೇಳಿಯಾನು ಅಂತ ಕಾದಳು.

ಅವತ್ತು ಆಸ್ಪತ್ರೆಯಲ್ಲಿ ನರ್ಸು, ರಕ್ತ ತೀರಾ ಕಡಿಮೆ ಇದೆ, ಹೀಗೇ ಆದರೆ ಹೆರಿಗೆ ಹೊತ್ತಿಗೆ ತಾಯಿಗೂ ಕಷ್ಟ, ಮಗುವಿಗೂ ಕಷ್ಟ, ಕೊಟ್ಟ ಮೊಟ್ಟೆ ತಿನ್ನುತ್ತೀಯೋ ಇಲ್ಲವೋ ಅಂತ ಗದರಿದ್ದಳು. ಆ ಮಾತು ಹೊತ್ತುಕೊಂಡೇ ತನುಜ ಮನೆಗೆ ಬಂದರೆ ಮುನೇಶ ಜಗುಲಿಯಲ್ಲಿ ಕೂತು ಆಮ್ಲೆಟ್ ತಿನ್ನುತ್ತಿದ್ದ. ಅವಳನ್ನು ನೋಡಿ ಒಂದು ತುಂಡು ಮುರಿದು ಬಾಯಿಯ ಹತ್ತಿರ ಹಿಡಿದ. ಮರುಕ್ಷಣ ನಕ್ಕು, "ಓ, ನಿಂಗೆ ಆಗಲ್ಲ ಅಲ್ವಾ," ಅಂತ ತಾನೇ ತಿಂದ. ಮಾರನೆಯ ದಿನ ಅವಳು ಬ್ಯಾಗು ತುಂಬಿಕೊಂಡಳು.

ಅವನಿಗೆ ಎಲ್ಲ ಗೊತ್ತಿದೆ, ಗೊತ್ತಿದ್ದೂ ನಗುತ್ತಾನೆ. ಈ ಒಂದು ತಿಂಗಳು ಅವಳನ್ನು ಸುಟ್ಟದ್ದು ಇದೇ ಯೋಚನೆ.

"ಏನಪ್ಪ ಮುನೇಶ, ಹೆಸರು ಬದಲಾಯಿಸ್ಲಾ? ನೀನೇನಂತೀಯ?" ಟೀಚರು ಕನ್ನಡಕದ ಮೇಲಿಂದ ಅವನನ್ನು ನೋಡಿದರು.

ತನುಜ ಅವನ ಉತ್ತರಕ್ಕೆ ಕಿವಿಗೊಟ್ಟಳು. ಅವನು ಬೇಡ ಅನ್ನಬೇಕು. ಬೇಡ ಅಂದರೆ ತಾನು ಜಗಳಕ್ಕೆ ನಿಲ್ಲಬೇಕು. ಎಷ್ಟು ಜಗಳವಾಡಿದರೂ ಅವನು ಬೇಡ ಅನ್ನುತ್ತಲೇ ಇರಬೇಕು. ಬಸ್ಸಿನಲ್ಲಿ ಕೂತು ಅವಳು ಬಯಸುತ್ತಾ ಬಂದದ್ದು ಇಷ್ಟೇ ಎಂದು ಅವಳಿಗೆ ಈಗ ಗೊತ್ತಾಯಿತು.

"ಬದಲಾಯಿಸ್ಬಿಡಿ ಟೀಚರ್," ಅಂದ ಮುನೇಶ. "ಇವತ್ತೇ ಆಗೋಗ್ಲಿ."

ತನುಜಳ ಹೊಟ್ಟೆಯೊಳಗೆ ಮಗು ಒಮ್ಮೆ ಒದ್ದು ಸುಮ್ಮನಾಯಿತು. ಗೋಡೆ ಹಿಡಿದು ಚಾಪೆಯ ಮೇಲೆ ಕೂತಳು. ಟೀಚರು ಇಬ್ಬರನ್ನೂ ಒಮ್ಮೆ ನೋಡಿ, ಈ ತಿಂಗಳ ಅವಳ ಪಾಲಿನ ಮೊಟ್ಟೆಯಿಂದ ಎರಡನ್ನು ತೆಗೆದುಕೊಂಡು, ಬೇಯಿಸಿ ತರುತ್ತೇನೆಂದು ಹಿಂದಿನ ಅಡುಗೆಕೋಣೆಗೆ ಹೋದರು.

"ಅಷ್ಟ್ ಸಲೀಸಾ?" ತನುಜ ಅವನ ಕಡೆ ನೋಡದೆ ಕೇಳಿದಳು. "ಹೋಗು ಅಂದ್ರೆ ಮುಗೀತಾ ನಿಮಗೆ?"

ಮುನೇಶ ಎದುರಿಗೆ ಕುಕ್ಕರುಗಾಲಲ್ಲಿ ಕೂತ.

"ನೀನು ಹೋದ್ಮೇಲೆ ಒಂದಿನ ತಟ್ಟೇಲಿ ಮೊಟ್ಟೆ ಇರ್ಲಿಲ್ಲ. ಯಾಕಮ್ಮ ಅಂದೆ. ಅವಳೇ ಇಲ್ಲ, ಇನ್ನೆಲ್ಲಿಂದ ಬರ್ತದೆ ಅಂದ್ರು." ಅವನು ಚಾಪೆಯ ಎಳೆ ಕೀಳುತ್ತಿದ್ದ. "ನಮ್ಮನೇಲಿ ಕೋಳಿ ಇಲ್ಲ ತನು. ನಾನು ಹುಟ್ಟಿದಾಗ್ನಿಂದ ಇಲ್ಲ. ಹುಳು ತಿಂದಾಕ್ತವೆ ಅಂತ ಪಕ್ಕದ್ಮನೆ ಕೋಳೀನೂ ಕಲ್ಲಲ್ಲಿ ಓಡಿಸೋನು ನಾನು. ದಿನಾ ಮೊಟ್ಟೆ ತಿಂದೆ. ಇದೆಲ್ಲಿಂದ ಬಂತು ಅಂತ ಒಂದಿನಾನೂ ಕೇಳ್ಲಿಲ್ಲ."

ತನುಜ ತಲೆಯೆತ್ತಿ ನೋಡಿದಳು. ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ತಿಂದಿದ್ದ. ಇಷ್ಟು ದಿನ ಕಟ್ಟಿಕೊಂಡಿದ್ದ ಸಿಟ್ಟು ಒಂದು ಕಡೆಯಿಂದ ಸಡಿಲವಾಗುತ್ತಿದ್ದರೂ ಇನ್ನೊಂದು ಕಡೆ ಗಟ್ಟಿಯಾಗಿಯೇ ಇತ್ತು.

"ಗೊತ್ತಿರ್ಲಿಲ್ಲ ಅಂದ್ರೆ ಸರಿಹೋಯ್ತಾ?" ಅಂದಳು.

"ಇಲ್ಲ. ಗೊತ್ತಿದ್ದು ತಿಂದೋನಿಗಿಂತ ಕಡೆ ನಾನು. ಅವನು ನಿನ್ನ ಕಡೆ ಒಂದ್ಸಲ ನೋಡಿಯಾದ್ರೂ ಇರ್ತಾನೆ."

ಅತ್ತೆ ಏನಂದರು ಅಂತ ಅವಳಿಗೆ ಕೇಳಬೇಕೆನಿಸಿತು, ಕೇಳಲಿಲ್ಲ. ಅವನೇ ಹೇಳಿದ. ಮಂಗಮ್ಮ ಮೊದಲು, ಬೇಕು ಅಂತ ಅವಳು ಒಂದು ಮಾತು ಕೇಳಿದ್ದರೆ ನಾನು ಕೊಡುತ್ತಿರಲಿಲ್ಲವೇ ಅಂತ ಜಗಳಕ್ಕೆ ಬಂದಳಂತೆ. ಆಮೇಲೆ ಒಲೆಯ ಮುಂದೆ ಕೂತು, ಬಸುರಿ ತನ್ನ ಪಾಲನ್ನ ಕೇಳಿ ಇಸ್ಕೋಬೇಕಾ, ನನಗೆ ಬುದ್ಧಿ ಬೇಡವಾ ಅಂತ ಅತ್ತಳಂತೆ. ಅರ್ಧ ತಪ್ಪು ತನ್ನದೂ ಹೌದೆಂದು ತನುಜಳಿಗೆ ಅನ್ನಿಸಿತು. ಅದನ್ನು ಇವತ್ತೇ ಒಪ್ಪಿಕೊಳ್ಳುವಷ್ಟು ಒಳ್ಳೆಯವಳಾಗಲು ಅವಳಿಗೆ ಮನಸ್ಸಿರಲಿಲ್ಲ.

"ಮತ್ತೆ ಹೆಸರು ತೆಗೀರಿ ಅಂದಿದ್ದು?"

"ನಿನ್ನ ಹೆಸರು ನಮ್ಮೂರಲ್ಲೇ ಇರ್ಲಿ ಅಂತ ನಂಗೆ ಆಸೆ ಇಲ್ವಾ? ಇದೆ. ನನ್ನಾಸೆಗೆ ನೀನು ಇನ್ನೊಂದು ತಿಂಗಳು ಅರೆಹೊಟ್ಟೇಲಿ ಇರೋದು ಬೇಡ. ಬಸ್ಸಲ್ಲಿ ಕುಲುಕಾಡ್ಕೊಂಡು ಬರೋದೂ ಬೇಡ. ನೀನೆಲ್ಲಿರ್ತೀಯೋ ಅಲ್ಲೇ ನಿನ್ನ ಅನ್ನ ಇರ್ಲಿ." ಅವನು ಚಾಪೆಯ ಎಳೆ ಬಿಟ್ಟ. "ವಾಪಸ್ ಬಾ ಅಂತ ಕೇಳೋಕೆ ಬಂದಿಲ್ಲ ತನು. ಕೇಳೋ ಮುಖ ಇಲ್ಲ."

ಆಗಲೇ ಅವಳ ಕಣ್ಣು ಅವನ ಶರ್ಟಿನ ಕಾಲರಿಗೆ ಬಿದ್ದದ್ದು. ಕಾಲರಿನ ಮಡಿಕೆಯಲ್ಲಿ ಒಂದು ರೇಷ್ಮೆ ಹುಳು ಅಂಟಿಕೊಂಡಿತ್ತು. ಮೈ ಹಳದಿ ತಿರುಗಿ, ತಲೆ ಮೇಲೆತ್ತಿ ಆಡಿಸುತ್ತಿತ್ತು. ಹಣ್ಣಾದ ಹುಳು. ಹಣ್ಣಾದ ಹುಳುವನ್ನು ಆ ಹೊತ್ತಿಗೆ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಅಲ್ಲೇ ಎಲ್ಲೋ ನೂಲು ಬಿಟ್ಟು ಬೆಳೆ ಕೆಡುತ್ತದೆ. ಇಂಥ ದಿನ ಸಿಡಿಲು ಬಡಿದರೂ ಹುಳುಮನೆಯಿಂದ ಯಾರೂ ಏಳುವುದಿಲ್ಲ.

"ರೀ," ತನುಜಳ ದನಿ ಬದಲಾಯಿತು. "ಹುಳು ಹಣ್ಣಾಗಿದೆಯಾ?"

"ಬೆಳಗ್ಗೆಯಿಂದ."

"ಬಿಟ್ಟು ಬಂದ್ರಾ?"

"ಅಮ್ಮ ಆರಿಸ್ತಾವ್ರೆ. ಅಕ್ಕಪಕ್ಕದೋರು ನಾಲ್ಕ್ ಜನ ಬಂದವ್ರೆ." ಅವನು ತಲೆ ತಗ್ಗಿಸಿದ. "ಎಷ್ಟ್ ಉಳೀತದೋ ಉಳೀಲಿ. ನೀನು ಬರ್ತೀಯ ಅಂತ ಟೀಚರ್ ನಿನ್ನೇನೇ ಹೇಳಿದ್ರು. ಇವತ್ತು ತಪ್ಪಿದ್ರೆ ನಿನ್ನನ್ನ ನೋಡೋದು ಯಾವಾಗ?"

ಕುಡುಮಲಕುಂಟೆಯ ಫ್ಯಾಕ್ಟರಿ ಕೆಲಸ ಬಿಟ್ಟು ಈ ಹುಳು ಸಾಕಣೆಗೆ ಇಳಿದವನು ಅವನು. ಈ ಬೆಳೆ ಕೈಗೆ ಬಂದರೆ ಹೆರಿಗೆಯ ಖರ್ಚಿಗೆ ಯೋಚನೆಯಿಲ್ಲ ಅಂತ ತಿಂಗಳುಗಟ್ಟಲೆ ಹೇಳುತ್ತಿದ್ದವನು. ತನುಜ ಕೈ ಚಾಚಿ, ಕಾಲರಿನಿಂದ ಹುಳುವನ್ನು ನೋಯದಂತೆ ಬಿಡಿಸಿ ಅವನ ಅಂಗೈಯಲ್ಲಿಟ್ಟಳು. ಕತ್ತಿಗೆ ಬೆರಳು ತಾಗಿದಾಗ ಅವನು ಕಣ್ಣು ಮುಚ್ಚಿದ. ಅವಳು ಬೆರಳನ್ನು ತಕ್ಷಣ ತೆಗೆಯಲಿಲ್ಲ. ಬೇಡ ಬೇಡವೆಂದು ಎಷ್ಟು ಹೇಳಿಕೊಂಡರೂ ಈ ಮನುಷ್ಯನನ್ನು ತಾನು ಪ್ರೀತಿಸುವುದು ನಿಂತಿಲ್ಲ ಎಂದು ಅವಳಿಗೆ ಖಚಿತವಾಯಿತು.

ಟೀಚರು ಬಿಸಿ ಮೊಟ್ಟೆಗಳನ್ನು ತಟ್ಟೆಯಲ್ಲಿ ತಂದಿಟ್ಟರು. ಮುನೇಶ ಹುಳುವನ್ನು ಜೋಪಾನವಾಗಿ ಎಲೆಯಡಿಕೆಯ ಖಾಲಿ ಡಬ್ಬಿಗೆ ಹಾಕಿ, ಕೈ ತೊಳೆದು ಬಂದು, ಕೇಳದೆಯೇ ಸಿಪ್ಪೆ ಸುಲಿಯತೊಡಗಿದ. ಸುಲಿಯಲೂ ಬರುವುದಿಲ್ಲ ಪುಣ್ಯಾತ್ಮನಿಗೆ. ಅರ್ಧ ಮೊಟ್ಟೆ ಸಿಪ್ಪೆಯ ಜೊತೆಗೇ ಕಿತ್ತು ಬಂತು. ಅವಳು ಒಂದನ್ನು ಪೂರ್ತಿ ತಿಂದಳು, ನಿಧಾನವಾಗಿ, ಅವನು ನೋಡುತ್ತಿರುವಂತೆಯೇ. ಎರಡನೆಯದರಲ್ಲಿ ಒಂದು ಚೂರು ಮುರಿದು ಅವನ ಬಾಯಿಯ ಹತ್ತಿರ ಹಿಡಿದಳು.

ಅವನು ತಲೆಯಾಡಿಸಿದ. "ನನ್ನ ಪಾಲು ಮುಗ್ದೋಗದೆ."

ಅವಳಿಗೆ ನಗು ಬಂತು, ಅಳುವೂ ಬಂತು. ಆ ಚೂರನ್ನು ತಾನೇ ತಿಂದು, ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಟೀಚರಿಗೆ ಹೇಳಿದಳು, "ಹೆಸರು ಮಂಡಿಕಲ್ಲಿಗೇ ಹಾಕಿ ಟೀಚರ್. ಹೆರಿಗೆ ಅಲ್ಲೇ ಆಗ್ಲಿ."

ಮುನೇಶ ಎದ್ದ. ಅವಳು ಅವನ ಶರ್ಟಿನ ತುದಿ ಹಿಡಿದಳು.

"ಪೂರ್ತಿ ಕೇಳಿ. ಈ ಬೆಳೆ ಮುಗಿದ ತಕ್ಷಣ ಅತ್ತೇನ ಕರ್ಕೊಂಡು ನಮ್ಮೂರಿಗೆ ಬರ್ಬೇಕು. ಹಸಿರು ಬಳೆ ಅವರೇ ತೊಡಿಸ್ಬೇಕು. ಮಗುಗೆ ಮೂರು ತಿಂಗಳಾದ್ಮೇಲೆ ಅಲ್ಲಿಂದ ಹೆಸರು ತೆಗೆಸಿ ಇಲ್ಲಿಗೆ ಹಾಕ್ಸೋಕೆ ನೀವೇ ಬರ್ಬೇಕು. ಆಗ ತರ್ಬೇಕಾಗಿರೋದು ಒಂದು ಹೆಸರಲ್ಲ, ಎರಡು."

ಅವನು ಹೂಂ ಅನ್ನುವಂತೆ ತಲೆಯನ್ನು ಮತ್ತೆ ಮತ್ತೆ ಆಡಿಸಿದ.

ಹೆಸರು ಹೋಗುವ ಮೊದಲು ಈ ತಿಂಗಳ ರೇಷನ್ನಿಗೆ ಇಲ್ಲಿ ಮುಖ ತೋರಿಸಲೇಬೇಕಿತ್ತು. ಟೀಚರು ಫೋನು ಹಿಡಿದು ನೀಲಿ ಆನೆಯ ಮುಂದೆ ಅವಳನ್ನು ನಿಲ್ಲಿಸಿದರು. ಕಣ್ಣು ತುಂಬಿದ್ದರಿಂದ ಮೊದಲನೇ ಸಲ ಫೋನು ಒಪ್ಪಲಿಲ್ಲ. ಮುಖ ತೊಳೆದು ಬರಲು ಕಳಿಸಿದರು. ಎರಡನೇ ಸಲಕ್ಕೆ ಮುಂಚೆ ಸುಂದರಮ್ಮ ಹಿಂದಕ್ಕೆ ತಿರುಗದೆಯೇ, "ಮುನೇಶಪ್ಪ, ನೀನು ಆಚೆ ನಡಿ," ಅಂದರು.

ಅವನು ಹೋದ. ಬೈಕಿನ ಹತ್ತಿರ, ಕಿಟಕಿಯಿಂದ ಕಾಣುವಷ್ಟು ದೂರದಲ್ಲಿ, ಎಲೆಯಡಿಕೆಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತ. ಇವತ್ತು ಕಣ್ಣು ಹೊಡೆಯುವ ಧೈರ್ಯ ಅವನಿಗಿರಲಿಲ್ಲ. ಅವಳನ್ನು ಸುಮ್ಮನೆ ನೋಡುತ್ತಿದ್ದ.

ಕಣ್ಣು ಮಿಟುಕಿಸಿ ಅಂತ ಫೋನು ಕೇಳಿತು. ತನುಜ ಫೋನಿನ ಆಚೆಗೆ, ಕಿಟಕಿಯ ಆಚೆಗೆ ಅವನನ್ನೇ ನೋಡಿ, ಒಂದೇ ಕಣ್ಣು ಹೊಡೆದಳು.

ಫೋನು ಒಪ್ಪಲಿಲ್ಲ. ಸುಂದರಮ್ಮ ಟೀಚರು ಉಸಿರುಬಿಟ್ಟು ಮತ್ತೆ ಮೊದಲಿನಿಂದ ಶುರುಮಾಡಿದರು.