ಮುದುಕಿ ಬೆಟ್ಟ ಹತ್ತಿದಳು

ಬೆಟ್ಟದ ತುದಿಯ ಕಾವಲು ಗೋಪುರದಿಂದ ವೈರ್‌ಲೆಸ್‌ನಲ್ಲಿ ಸುದ್ದಿ ಬಂತು. ಜನರೇಟರ್ ರಿಪೇರಿಗೆ ಹೋಗಿದ್ದ ಚಿಕ್ಕಪ್ಪ ಏಣಿಯಿಂದ ಬಿದ್ದಿದ್ದಾರೆ, ಮೊಣಕಾಲಿನ ಕೆಳಗೆ ಮೂಳೆ ಮುರಿದಿದೆ, ಪಾದ ತಣ್ಣಗಾಗುತ್ತಿದೆ.

"ಸಂಜೆಯೊಳಗೆ ಆಪರೇಷನ್ ಆಗ್ಬೇಕು. ತಡವಾದ್ರೆ ಕಾಲು ಉಳಿಯಲ್ಲ," ಎಂದರು ನರ್ಸ್, ಔಷಧಿ ಚೀಲ ಹೆಗಲಿಗೇರಿಸುತ್ತ.

ಆಂಬುಲೆನ್ಸ್ ಹೋಗುವಂತಿರಲಿಲ್ಲ. ಕಣಿವೆಯ ಮರದ ಸೇತುವೆ ಚಿಕ್ಕಪ್ಪನ ಹಳೇ ಜೀಪಿಗಿಂತ ಹೆಚ್ಚಿನ ಭಾರ ತಡೆಯದು. ಮನೆಯವರೆಲ್ಲ ಆ ಜೀಪನ್ನು ಮುದುಕಿ ಅನ್ನುತ್ತಿದ್ದರು. ರೇಡಿಯೇಟರ್ ಸೋರುತ್ತಿದೆಯೆಂದು ಮುದುಕಿಯನ್ನು ಶೆಡ್ಡಿನಲ್ಲಿ ಬಿಟ್ಟು ಚಿಕ್ಕಪ್ಪ ಕಾಲುದಾರಿಯಲ್ಲೇ ಬೆಟ್ಟ ಹತ್ತಿದ್ದರು. ಊರಿಗೇ ಹೆಸರಾದ ಮೆಕ್ಯಾನಿಕ್ ಅವರು. ಹೋಗುವಾಗ ಬೆರಳೆತ್ತಿ ಹೇಳಿದ್ದರು: "ಇದನ್ನ ಯಾರೂ ಮುಟ್ಟಬೇಡಿ. ನಾನೇ ಬಂದು ನೋಡ್ತೀನಿ."

ಈಗ ಸ್ಟಿಯರಿಂಗ್ ಹಿಡಿದವಳು ಅಕ್ಕ. ಶಾಲಾ ಬಸ್ಸು ಓಡಿಸಿ ಪಳಗಿದ ಕೈ ಅವಳದು. ಪಕ್ಕದಲ್ಲಿ ವೆಲ್ಡಿಂಗ್ ಕೆಲಸದ ತಮ್ಮ, ಹಿಂದೆ ನರ್ಸ್ ಮತ್ತು ಸ್ಟ್ರೆಚರ್.

"ಇದು ಸೋರ್ತಾ ಇತ್ತಲ್ವಾ?" ನರ್ಸ್ ಕೇಳಿದರು.

"ಈಗ ನಿಂತಿದೆ," ಎಂದರು ಅಕ್ಕ ತಮ್ಮ ಇಬ್ಬರೂ ಒಟ್ಟಿಗೆ. ಹೇಗೆ ನಿಂತಿತೆಂಬುದು ತನಗೊಬ್ಬಳಿಗೇ ಗೊತ್ತೆಂದು ಅಕ್ಕ ಒಳಗೊಳಗೇ ಬೀಗಿದಳು.

ಸೇತುವೆ ಕಿರುಗುಟ್ಟಿತು, ಆದರೆ ತಡೆಯಿತು. ಅಲ್ಲಿಂದಾಚೆ ಕಾಡು ದಟ್ಟವಾಯಿತು. ಎರಡೂ ಬದಿಯ ಮರಗಳು ಮೇಲೆ ಕೈಕೈ ಹಿಡಿದು ಹಗಲನ್ನೇ ಮುಚ್ಚಿದ್ದವು. ಬಂಡೆಗಳ ಮೇಲೆ ಪಾಚಿ, ದಾರಿಯ ತುಂಬ ಕೊಳೆತ ಎಲೆ, ಒಂದೊಂದು ತಿರುವಿನಲ್ಲೂ ಕಾಣದ ತೊರೆಯ ಸದ್ದು. ಮುದುಕಿ ಏದುಸಿರು ಬಿಡುತ್ತ ಏರುತ್ತಿದ್ದಳು.

ಎಂಜಿನ್ನಿನ ಕಾವು ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟಿತು.

"ಹೀಟರ್ ಹಾಕು, ಪೂರ್ತಿ ತಿರುಗಿಸು. ಎಂಜಿನ್ ಬಿಸಿ ಸ್ವಲ್ಪ ಇಳೀಲಿ," ಎಂದಳು ಅಕ್ಕ. ಎಂಜಿನ್ನಿನ ಕಾವು ಒಳಗೆ ನುಗ್ಗಿತು. ಮೂವರೂ ಬೆವರಿ ತೊಯ್ದರು. ಮುಳ್ಳು ಕದಲಲಿಲ್ಲ.

ಬಾನೆಟ್ಟಿನಡಿಯಿಂದ ಹಬೆ ಎದ್ದಿತು. ಅಕ್ಕ ಎಂಜಿನ್ ನಿಲ್ಲಿಸಿದಳು.

ತಮ್ಮ ರೇಡಿಯೇಟರಿನ ಮುಚ್ಚಳಕ್ಕೆ ಕೈ ಹಾಕಿದ. ಅಕ್ಕ ಅವನ ರಟ್ಟೆ ಹಿಡಿದೆಳೆದಳು. "ಮುಖ ಸುಟ್ಕೋತೀಯಾ? ಆರಲಿ ಬಿಡು."

"ಚಿಕ್ಕಪ್ಪನ ಕಾಲು ಕಾಯುತ್ತೇನೇ?"

ಆದರೂ ಕಾಯಲೇಬೇಕಿತ್ತು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಅದು ಬಿರುಕು ಬಿಟ್ಟು, ಇದ್ದದ್ದೂ ಹೋದೀತು. ಮೂವರೂ ಕ್ಯಾನು ಹಿಡಿದು ತೊರೆಯಿಂದ ನೀರು ಹೊತ್ತರು.

ಎಂಜಿನ್ ಆರಿದ ಮೇಲೆ ತಮ್ಮ ಕೆಳಗಿನ ಪೈಪು ಕಿತ್ತ. ನೀರು ಬರಲಿಲ್ಲ. ತಂತಿ ಹಾಕಿ ಕೆದಕಿದ. ಬಿಳಿ ಮುದ್ದೆಯೊಂದು ದೊಪ್ಪನೆ ಬಿತ್ತು. ಮೈತುಂಬ ಕರಿ ಚುಕ್ಕೆ.

ನರ್ಸ್ ಬಗ್ಗಿ ನೋಡಿದರು. "ಇದು ಆಮ್ಲೆಟ್ ಅಲ್ವಾ?"

ತಮ್ಮ ತಲೆ ಕೆರೆದುಕೊಂಡ. "ಮೊಟ್ಟೆ ನಾನು ಹಾಕಿದ್ದು. ಬಿಸಿಗೆ ಗಟ್ಟಿಯಾಗಿ ತೂತು ಮುಚ್ಚುತ್ತೆ ಅಂದಿದ್ರು."

"ನನಗೆ ಹೇಳ್ಬಾರದಿತ್ತಾ? ತೂತು ಮುಚ್ಚಲಿ ಅಂತ ನಾನು ಕಾಳುಮೆಣಸಿನ ಪುಡಿ ಸುರಿದಿದ್ದೆ," ಎಂದಳು ಅಕ್ಕ. ಬೀಗಿದ್ದೆಲ್ಲ ಅಲ್ಲಿಗೇ ಇಳಿಯಿತು.

ಮುದ್ದೆಯ ಹಿಂದೆಯೇ ನೆಂದ ಮರದ ಪುಡಿ ಬಂತು, ಹಿಡಿ ತುಂಬ.

"ಇದೂ ನೀನೇ ಹಾಕಿದ್ದಾ?"

"ನಾನಲ್ಲ ಕಣೇ, ಆಣೆ."

ಅದರ ವಿಚಾರಣೆಗೆ ಹೊತ್ತಿರಲಿಲ್ಲ. ಸುರಿದರು, ಅಲುಗಾಡಿಸಿದರು, ಮತ್ತೆ ಸುರಿದರು. ಕೊನೆಗೆ ತಿಳಿನೀರು ಹರಿಯಿತು. ಪೈಪು ಕೂಡಿಸಿ ನೀರು ತುಂಬಿದೊಡನೆ ಹಳೆಯ ತೂತು ಚಿಮ್ಮತೊಡಗಿತು.

"ಚೀಲದಲ್ಲಿ ಸೋಪಿದೆ. ಮೆತ್ತಿಬಿಡ್ಲಾ?" ಎಂದ ತಮ್ಮ.

"ಸೋಪು ಸ್ನಾನಕ್ಕಿರಲಿ. ನಿನ್ನ ಕಸುಬು ಏನು? ಅದನ್ನ ಮಾಡು."

ತಮ್ಮ ಇಕ್ಕಳ ತೆಗೆದ. ರೇಡಿಯೇಟರಿನ ಸಾಲು ಕೊಳವೆಗಳಲ್ಲಿ ಸೀಳಿದ್ದು ಒಂದೇ ಒಂದು ತೆಳು ಕೊಳವೆ. ಅದನ್ನು ಕತ್ತರಿಸಿ, ಎರಡೂ ತುದಿಗಳನ್ನು ಮಡಚಿ, ಒತ್ತಿ ಚಪ್ಪಟೆ ಮಾಡಿದ. ಚಿಮ್ಮುತ್ತಿದ್ದದ್ದು ತೊಟ್ಟಿಕ್ಕತೊಡಗಿತು. ಮಿಕ್ಕ ಕೊಳವೆಗಳೆಲ್ಲ ಗಟ್ಟಿಯಾಗಿದ್ದವು.

"ಗಾಡಿ ಹತ್ತು," ಎಂದಳು ಅಕ್ಕ.

ಮುಳ್ಳು ನಡುವಿನಲ್ಲೇ ನಿಂತಿತು. ತೊರೆ ಸಿಕ್ಕಲ್ಲೆಲ್ಲ ಮುದುಕಿಯನ್ನು ತಣಿಸಿ, ನೀರು ಕುಡಿಸಿ ಮೇಲೇರಿದರು. ಗೋಪುರದ ಬುಡದಲ್ಲಿ ಚಿಕ್ಕಪ್ಪ ಹಲ್ಲು ಕಚ್ಚಿ ಮಲಗಿದ್ದರು. ನರ್ಸ್ ಮೂಳೆ ನೆಟ್ಟಗೆ ಹಿಡಿದು ಕಟ್ಟು ಹಾಕಿದರು, ಪಾದ ಮುಟ್ಟಿ ನೋಡಿದರು. "ನಾಡಿ ಇದೆ. ಹೊರಡಿ."

ಇಳಿಜಾರಿನಲ್ಲಿ ಅಕ್ಕ ಗೇರ್ ಬಿಗಿಹಿಡಿದು, ಮೊಟ್ಟೆ ತುಂಬಿದ ಬುಟ್ಟಿ ಹೊತ್ತವಳಂತೆ ಜೀಪು ಇಳಿಸಿದಳು. ಬಿಸಿಲು ಬಾಗುವಷ್ಟರಲ್ಲಿ ಆಸ್ಪತ್ರೆಯ ಬಾಗಿಲು ಕಂಡಿತು.

ಆಪರೇಷನ್ ಅಂದೇ ಮುಗಿಯಿತು. ಮರುದಿನ ಚಿಕ್ಕಪ್ಪ ಕಣ್ಣು ಬಿಟ್ಟವರೇ ಕೇಳಿದರು: "ಮುದುಕಿಯನ್ನ ಮುಟ್ಟಬೇಡಿ ಅಂದಿದ್ದೆ. ಯಾರು ಏನು ಹಾಕಿದ್ರಿ?"

"ಮೊಟ್ಟೆ ಇವನು, ಮೆಣಸು ನಾನು," ಎಂದಳು ಅಕ್ಕ. "ಮರದ ಪುಡಿ ಯಾರದು, ಚಿಕ್ಕಪ್ಪಾ?"

ಊರಿಗೇ ಹೆಸರಾದ ಮೆಕ್ಯಾನಿಕ್ ಗೋಡೆಯ ಕಡೆ ಮುಖ ತಿರುಗಿಸಿದರು. "ಹೊಸ ರೇಡಿಯೇಟರೇ ಹಾಕಿಸೋಣ ಬಿಡಮ್ಮ," ಎಂದರು ಮೆಲ್ಲಗೆ.

ತಮ್ಮ ನಗು ತಡೆಯಲಾರದೆ ಹೊರಗೋಡಿದ. ಅಕ್ಕ ನಗಲಿಲ್ಲ. ಅವಳ ಕಣ್ಣು ಹೊದಿಕೆಯ ಅಂಚಿನಲ್ಲಿತ್ತು. ಅಲ್ಲಿ ಚಿಕ್ಕಪ್ಪನ ಮುರಿದ ಕಾಲಿನ ಐದೂ ಬೆರಳು ನಾಚಿಕೊಂಡು ಒಳಕ್ಕೆ ಮಡಚಿಕೊಳ್ಳುತ್ತಿದ್ದವು.