ಹೆಣ್ಣು ಕೇಳಲು ಹೊರಟವರು ಹತ್ತಿದ ಕಾರು

"ದಾರಿ ಬಿಡ್ರೋ...! ಬ್ರೇಕ್ ಹಿಡೀತಿಲ್ಲ... ದಾರಿ ಬಿಡ್ರೋ...!"

ನಮ್ಮ ದೆಸ್ಸೆ ಊರಿನ ಇಳಿಜಾರಿನಲ್ಲಿ ಪುಟ್ಟ ಹಳದಿ ಕಾರೊಂದು ಹಿಮ್ಮುಖವಾಗಿ ಜಾರಿ ಬರುತ್ತಿತ್ತು. ಒಳಗೆ ನಮ್ಮ ಬೀದಿಯ ಹುಡುಗಿ ಝೆನೆಬೆಚ್. ಹನ್ನೊಂದು ವರ್ಷ ಹೊಲಿಗೆ ಯಂತ್ರ ತುಳಿದು ಕೊಂಡ ಕಾರು. ಮನೆಗೆ ಬಂದು ಮೂರು ದಿನವೂ ಆಗಿರಲಿಲ್ಲ!

ಕೋಳಿಗಳು ಹಾರಿದವು. ಕತ್ತೆಗಳು ಹಾರಿದವು. ತೊಂಬತ್ತರ ಮುದುಕ ಪಾದ್ರಿ ಆಳೆತ್ತರದ ಗೋಡೆ ಹಾರಿದರು. ನಾನೇ ಕಣ್ಣಾರೆ ಕಂಡೆ!

ಕಾರು ಸೀದಾ ಕಿಫ್ಲೆಯ ಗ್ಯಾರೇಜಿನ ಮುಂದಿದ್ದ ಹುಲ್ಲಿನ ರಾಶಿಗೆ ನುಗ್ಗಿ ನಿಂತಿತು. ಕಿಫ್ಲೆ ಓಡಿ ಬಂದು ಚಕ್ರಕ್ಕೆ ಕಲ್ಲು ಕೊಟ್ಟ. ಬಾಗಿಲು ಎಳೆದ. ಬಾಗಿಲು ಪೂರ್ತಿ ಕಿತ್ತು ಅವನ ಕೈಗೇ ಬಂತು!

"ಅಯ್ಯೋ, ನನ್ನ ಕಾರು ಮುರಿದುಬಿಟ್ರಲ್ಲ!"

"ನಾನಾ? ನೀವು ಅರ್ಧ ಬೆಟ್ಟ ಉರುಳಿಕೊಂಡು ಬಂದಿದ್ದೀರಿ, ಮುರಿದವನು ನಾನಾ?"

ಅವಳು ಬೈಯಲು ಬಾಯಿ ತೆರೆದಳು. ಅವನು ಬಾಗಿಲನ್ನು ಎದೆಗೆ ಅಪ್ಪಿಕೊಂಡು ನಗುತ್ತಿದ್ದ.

'ಎದೆ ಯಾಕೆ ಹೀಗೆ ಹೊಡೆದುಕೊಳ್ತಿದೆ...? ಜಾರಿದ ಭಯ ಇರಬೇಕು...'

ಭಯವಂತೆ ಭಯ!

ಅಲ್ಲಿಂದ ಶುರುವಾಯಿತು ನೋಡಿ. ಆ ಕಾರಿಗೆ ಇಲ್ಲದ ರೋಗವಿಲ್ಲ. ಎಡಕ್ಕೆ ತಿರುಗಿಸಿದರೆ ತಾನಾಗಿ ಹಾರ್ನ್ ಹೊಡೆಯುತ್ತಿತ್ತು. ಮಳೆ ಬಂದರೆ ಝೆನೆಬೆಚ್ ಗಾಜು ಒರೆಸುವ ಕಡ್ಡಿಗೆ ದಾರ ಕಟ್ಟಿ, ಒಂದು ಕೈಯಲ್ಲಿ ದಾರ ಎಳೆಯುತ್ತಾ ಇನ್ನೊಂದು ಕೈಯಲ್ಲಿ ಓಡಿಸುತ್ತಿದ್ದಳು. ಒಮ್ಮೆ ಹೊಲಿದ ಬಟ್ಟೆಯ ಗಂಟನ್ನು ಸಂತೆಗೆ ಒಯ್ಯುವಾಗ ಹಿಂದಿನ ಮುಚ್ಚಳ ತೆರೆದುಕೊಂಡು, ಊರಿಗೆ ಊರೇ ಮದುವೆಯ ಲಂಗಗಳನ್ನು ಆರಿಸಿಕೊಂಡು ಅವಳ ಹಿಂದೆ ಓಡಿತು!

ವಾರಕ್ಕೊಮ್ಮೆ ಗ್ಯಾರೇಜು ತಪ್ಪದು. ಪಕ್ಕದ ಮನೆಯವಳು ನಾನು, ಕಾಫಿ ಕುಡಿಯುವಾಗ ಸುಮ್ಮನಿರಲಾದೀತೇ?

"ಏನೇ ಹುಡುಗಿ, ಕಾರು ತಾನಾಗಿ ಕೆಡುತ್ತೋ, ನೀನೇ ಕೆಡಿಸ್ತೀಯೋ?"

"ಥೂ, ಹೋಗಜ್ಜಿ!"

ಮುಖ ಮಾತ್ರ ಒಣಮೆಣಸಿನಕಾಯಿ.

ಕಿಫ್ಲೆಯೋ, ಎಂಜಿನ್ ಜೊತೆ ಗಂಟೆಗಟ್ಟಲೆ ಮಾತಾಡಿಯಾನು. ಅವಳ ಮುಂದೆ ಮಾತ್ರ "ಹೂಂ" ಬಿಟ್ಟರೆ "ಉಹೂಂ". ಒಂದು ಶುಕ್ರವಾರ ಕಷ್ಟಪಟ್ಟು ಬಾಯಿ ಬಿಟ್ಟ.

"ಭಾನುವಾರ ಇಲ್ಲಿಗೆ ಬರಬೇಡ... ಮನೇಲೇ ಇರು."

ಅಷ್ಟೇ! ಯಾಕೆ, ಏನು, ಒಂದೂ ಇಲ್ಲ!

'ನಾನು ಬರೋದೇ ಬೇಡವಾಯ್ತಾ...? ಇಷ್ಟು ದಿನ ನಕ್ಕಿದ್ದೆಲ್ಲ ಗಿರಾಕಿ ಅಂತಲಾ...?'

ಆ ರಾತ್ರಿ ಅವಳು ಸುರಿಸಿದ ಕಣ್ಣೀರಲ್ಲಿ ಹಾಯ್ಕ್ ಕೆರೆ ಎರಡು ಸಲ ತುಂಬಬಹುದಿತ್ತು.

ಭಾನುವಾರ ಬೆಳಿಗ್ಗೆ ಹಟಕ್ಕೆ ಬಿದ್ದು ಕಾರು ತೆಗೆದಳು. 'ಅವನಿಲ್ಲದೆಯೂ ನನ್ನ ಕಾರು ಓಡುತ್ತೆ!'

ಪೇಟೆ ಸುತ್ತಿ ಮನೆಗೆ ಮರಳುವಾಗ, ಏರಿನಲ್ಲಿ ಮೂವರು ಮುದುಕರು ಕಂಡರು. ಬಿಳಿ ಹತ್ತಿಯ ಗಾಬಿ ಶಾಲು ಹೊದ್ದು, ಊರುಗೋಲು ಊರಿ, ಏದುಸಿರು ಬಿಡುತ್ತಿದ್ದರು.

"ಹತ್ತಿ ತಾತಂದಿರಾ, ಬಿಟ್ಟು ಬರ್ತೀನಿ."

ಮೂವರೂ ಹೇಗೋ ತುರುಕಿಕೊಂಡರು. ಹಿರಿಯರಾದ ಮೊಗೆಸ್ ತಾತನ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು.

"ಹಾಯ್ಕ್‌ ಊರಿಂದ ಬಂದ್ವಿ ತಾಯಿ. ಹೆಣ್ಣು ಕೇಳೋಕೆ. ನಮ್ಮ ಹುಡುಗ ಇಲ್ಲೇ ಗ್ಯಾರೇಜ್ ಇಟ್ಟಿದ್ದಾನೆ, ಕಿಫ್ಲೆ ಅಂತ."

ಕಾರು ಒಂದು ಜೋಲಿ ಹೊಡೆಯಿತು.

"ಯಾ... ಯಾವ ಹುಡುಗಿ?"

"ಹೆಸರು ಹೇಳೋ ಹಾಗಿಲ್ಲಮ್ಮ. ಮೊದಲು ಅವಳಪ್ಪನ ಕಿವಿಗೇ ಬೀಳಬೇಕು. ಬಲು ಶಾಂತ ಹುಡುಗಿಯಂತೆ. ದನಿ ಎತ್ತಿ ಮಾತಾಡಿದವಳೇ ಅಲ್ಲವಂತೆ!"

"ಏಯ್, ನಿನ್ನ ಕತ್ತೆ ಹಿಡ್ಕೊಳ್ಳೋ! ರಸ್ತೆ ಏನು ನಿಮ್ಮಜ್ಜಂದಾ?" ಎಂದು ಝೆನೆಬೆಚ್ ಕಿಟಕಿಯಿಂದ ಕಿರುಚಿ, ತಲೆ ಒಳಗೆಳೆದುಕೊಂಡಳು.

'ಶಾಂತ ಹುಡುಗಿ... ಹಾಗಾದರೆ ನಾನಲ್ಲ. ನಾನಲ್ಲವೇ ಅಲ್ಲ...'

"ಮನೆ ಎಲ್ಲಿ, ತಾತ?"

"ನೀರಿನ ಟ್ಯಾಂಕ್ ಬೀದಿ."

ನಮ್ಮದೇ ಬೀದಿ! ನಮ್ಮ ಬೀದಿಯಲ್ಲಿ ಶಾಂತ ಹುಡುಗಿ ಎಂದರೆ ಒಬ್ಬಳೇ, ಬೇಕರಿಯವರ ಮಗಳು ಮಾರ್ತಾ. ಅವಳು ಸೀನಿದರೂ ಸದ್ದಾಗದು.

ಅಷ್ಟರಲ್ಲಿ ಕಾರು ಕೆಮ್ಮಿತು. ನಿಂತೇಬಿಟ್ಟಿತು. ಮೂವರೂ ಇಳಿದು, ಗಾಬಿ ಸೊಂಟಕ್ಕೆ ಕಟ್ಟಿ ತಳ್ಳತೊಡಗಿದರು.

"ಹೆಣ್ಣು ಕೇಳೋಕೆ ಬಂದು ಕಾರು ತಳ್ಳೋ ಗತಿ ಬಂತಲ್ಲಪ್ಪ!"

"ತಳ್ಳಯ್ಯ ಸುಮ್ನೆ, ಪುಣ್ಯ ಬರುತ್ತೆ!"

ಒಳಗೆ ಝೆನೆಬೆಚ್ ಅಳುತ್ತಾ ಸ್ಟೀರಿಂಗ್ ತಿರುಗಿಸುತ್ತಿದ್ದಳು. 'ನನ್ನ ಕಿಫ್ಲೆಗೆ ಬೇರೆ ಹುಡುಗಿ... ಅದಕ್ಕೆ ನನ್ನದೇ ಕಾರಿನ ಸವಾರಿ...!'

ಕಾರಿಗೆ ಜೀವ ಬಂತು. ಮುದುಕರು ಮತ್ತೆ ಹತ್ತಿದರು. ಬೇಕರಿಯ ಮುಂದೆ ಅವಳು ನಿಲ್ಲಿಸಿದಳು.

"ಇಳೀರಿ. ಇದೇ ಮನೆ."

"ಇದಲ್ಲ ತಾಯಿ! ಇನ್ನೂ ಮುಂದೆ. ವೊರ್ಕು ಅವರ ಮನೆ. ಹಸಿರು ಗೇಟು."

ಅವಳು ಗಕ್ಕನೆ ಹಿಂದಕ್ಕೆ ತಿರುಗಿದಳು.

"ವೊ... ವೊರ್ಕು ಅವರದಾ?"

"ಹೂಂ. ಅವರು ನಿನಗೆ ಗೊತ್ತಾ?"

"ನಮ್ಮಪ್ಪ."

ಮೊಗೆಸ್ ತಾತ ಮೆಲ್ಲಗೆ ಗಾಬಿಯಿಂದ ಮುಖ ಮುಚ್ಚಿಕೊಂಡರು.

"ಮಗಳೇ, ನೀನು ನಮ್ಮನ್ನು ನೋಡಿಲ್ಲ. ನಾವೂ ನಿನ್ನನ್ನು ನೋಡಿಲ್ಲ."

ಅಳಬೇಕೋ ನಗಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು!

ಅವರನ್ನು ಹಸಿರು ಗೇಟಿನ ಬಳಿ ಇಳಿಸಿ, ಹಿತ್ತಲ ಬಾಗಿಲಿನಿಂದ ಓಡಿ ಬಂದು ಅಡುಗೆಮನೆಯಲ್ಲಿ ಅವಿತಳು. ಅಲ್ಲಿ ನಾನಾಗಲೇ ಕೂತಿದ್ದೆ, ಈರುಳ್ಳಿ ಹೆಚ್ಚುವ ನೆಪದಲ್ಲಿ. ಗೋಡೆಗೆ ಇಬ್ಬರೂ ಕಿವಿ ಕೊಟ್ಟೆವು.

ನಮ್ಮಲ್ಲಿ ಕೇಳಲು ಬಂದ ಹಿರಿಯರು ಉತ್ತರ ಸಿಗುವ ತನಕ ಹನಿ ನೀರೂ ಮುಟ್ಟರು. ಹೆಣ್ಣಿನ ತಂದೆಯೂ ಅಷ್ಟು ಸುಲಭಕ್ಕೆ ಹೂಂ ಅನ್ನುವುದಿಲ್ಲ. ಮೂರು ಸಲ ಅಲೆಸಿದರೇ ಮಗಳಿಗೆ ಮರ್ಯಾದೆ. ನಿಮ್ಮ ಶಾಂತ ಹುಡುಗಿಯನ್ನು ನಮ್ಮ ಕಿಫ್ಲೆಗೆ ಕೊಡಿ ಎಂದು ಮೊಗೆಸ್ ತಾತ ಕೇಳಿದಾಗ, ವೊರ್ಕು ಗಂಟಲು ಸರಿಮಾಡಿಕೊಂಡರು.

"ಯೋಚನೆ ಮಾಡಬೇಕು. ಮುಂದಿನ ತಿಂಗಳು ಬನ್ನಿ."

"ಆಗಲಿ," ಎಂದು ಮೊಗೆಸ್ ತಾತ ಬೆವರು ಒರೆಸುತ್ತಾ ಏಳಲು ಹೋದರು. ಸೊಂಟ ಲಟಕ್ಕೆಂದಿತು.

ಒಂದು ತಿಂಗಳು! ಅದರ ಮೇಲೆ ಇನ್ನೊಂದು ತಿಂಗಳು! ನಾನು ಸೆರಗು ಹಿಡಿದು ಎಳೆಯುವುದರೊಳಗೆ ಹುಡುಗಿ ನಡುಮನೆಯಲ್ಲಿದ್ದಳು.

"ಅಪ್ಪಾ! ಇವರನ್ನ ಇನ್ನೆರಡು ಸಲ ಆ ಏರು ಹತ್ತಿಸೋಕೆ ನನ್ನ ಕಾರಿಗೆ ಶಕ್ತಿ ಇಲ್ಲ!"

"ಏನು...? ಇವರನ್ನ ಕರೆತಂದವಳು ನೀನಾ?"

"ಅರ್ಧ ದಾರಿ. ಇನ್ನರ್ಧ ಇವರೇ ನನ್ನ ತಳ್ಳಿಕೊಂಡು ಬಂದ್ರು."

ವೊರ್ಕು ಮಗಳ ಮುಖ ನೋಡಿದರು, ಮುದುಕರ ಧೂಳು ಮೆತ್ತಿದ ಕಾಲು ನೋಡಿದರು. ನಗು ತಡೆಯಲಾಗಲಿಲ್ಲ. ನಕ್ಕರು ನೋಡಿ, ಛಾವಣಿಯ ತಗಡು ಅದುರಿತು!

"ಶಾಂತ ಹುಡುಗಿ ಅಂದ್ರಲ್ಲ, ಇವಳೇ. ಕರ್ಕೊಂಡು ಹೋಗಿ. ಮೊದಲು ಊಟ ಮಾಡಿ!"

ಅವರು ಇಂಜೆರಾ ರೊಟ್ಟಿ ಮುರಿಯುವುದರೊಳಗೆ ಹಳದಿ ಕಾರು ಇಳಿಜಾರಿನಲ್ಲಿತ್ತು. ಕಿಫ್ಲೆ ಗ್ಯಾರೇಜಿನ ಬಾಗಿಲಲ್ಲಿ ನಿಂತು ಉಗುರು ಕಚ್ಚುತ್ತಿದ್ದ.

"ಮ... ಮನೇಲೇ ಇರು ಅಂದಿದ್ನಲ್ಲ... ನಿಮ್ಮಪ್ಪ ಏನಂದ್ರು?"

"ಅಪ್ಪನ್ನ ಕೇಳೋಕೆ ಮೂರು ಜನ ಕಳಿಸಿದೆ. ನನ್ನ ಕೇಳೋಕೆ ಯಾರನ್ನ ಕಳಿಸಿದೆ?"

ಅವನು ತಲೆ ತಗ್ಗಿಸಿದ. ಎಣ್ಣೆ ಹತ್ತಿದ ಕೈಗಳನ್ನು ಮತ್ತೆ ಮತ್ತೆ ಒರೆಸಿಕೊಂಡ.

"ದಿನಾ ಕೇಳಬೇಕು ಅಂತಿದ್ದೆ... ನೀನು ಬೇಡ ಅಂದ್ರೆ, ಮತ್ತೆ ಬರೋದೇ ಇಲ್ವಲ್ಲ ಅಂತ... ಹೆದರಿಕೆ."

"ಈಗ ಕೇಳು."

"ಝೆನೆಬೆಚ್... ನನ್ನ ಜೊತೆ ಬಾಳ್ತೀಯಾ?"

ಅವಳ ಕಣ್ಣು ತುಂಬಿ ಬಂತು.

"ಇನ್ನೊಂದ್ಸಲ ಕೇಳು."

"ಯಾಕೆ... ಕೇಳಿಸ್ಲಿಲ್ವಾ?"

"ಕೇಳಿಸ್ತು. ತುಂಬಾ ಚೆನ್ನಾಗಿತ್ತು."