ಕೊಕ್ಕೆಗೆ ನೇತುಹಾಕಿದ ವೈರುಗಳು

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಎದೆಗೆ ವೈರು ಅಂಟಿಸಿ, ಜನರನ್ನು ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ತೆಗೆಯುವುದು ನನ್ನ ಕೆಲಸ. ದಿನಾ ಬೆಳಿಗ್ಗೆ ಮೊದಲು ನನ್ನೆದೆಗೇ ಅಂಟಿಸಿಕೊಂಡು ಯಂತ್ರ ಸರಿಯಿದೆಯೇ ಎಂದು ನೋಡುತ್ತಿದ್ದೆ.

ಅಂದು ಅದನ್ನು ಮುಗಿಸಿ ವೈರುಗಳನ್ನು ಕೊಕ್ಕೆಗೆ ನೇತುಹಾಕಿದೆ. ಪರದೆಯ ಗೆರೆ ನೆಟ್ಟಗೆ ಮಲಗಬೇಕಿತ್ತು, ಮಲಗಲಿಲ್ಲ. ಬಡಿತ ನೂರು, ನೂರೈವತ್ತು ಎಂದು ಏರಿತು. ನಿಂತಿದ್ದ ಟ್ರೆಡ್‌ಮಿಲ್ಲಿನ ಪಟ್ಟಿ ಮುಟ್ಟಿದರೆ ಬಿಸಿ. ಪಕ್ಕದ ಕೋಣೆಯಲ್ಲಿ ಕೆಲಸ ಮಾಡುವವನ ಕಿತಾಪತಿಯಿರಬೇಕೆಂದು ಹೋಗಿ ನೋಡಿದೆ; ಬಾಗಿಲಿಗೆ ಬೀಗ.

ಅಚ್ಚಾದ ಕಾಗದ ನೋಡಿ ಡಾಕ್ಟರಮ್ಮ ಹೌಹಾರಿದರು. "ಗೆರೆ ಎಷ್ಟು ಕೆಳಗಿಳಿದಿದೆ ನೋಡು! ಹೃದಯದ ರಕ್ತನಾಳ ಕಟ್ಕೊಂಡಿರೋ ಹಾಗಿದೆ. ಯಾರದಿದು? ಮೊದ್ಲು ನಡೆಸೋದು ನಿಲ್ಸು!"

"ಯಾರೂ ನಡೀತಿಲ್ಲ ಮೇಡಂ."

ರಿಪೇರಿಯವನು ಬಂದು ಎಲ್ಲ ಬಿಚ್ಚಿ ನೋಡಿದ. "ಯಂತ್ರ ಗುಂಡುಕಲ್ಲಿನ ಹಾಗಿದೆ ಸಾರ್" ಎಂದ.

ಅಂದಿನಿಂದ ಆ ವೈರುಗಳನ್ನು ನಾನು ನನ್ನೆದೆಗೆ ಅಂಟಿಸಿಕೊಂಡಿಲ್ಲ.